ಮೈಲುತುತ್ತನ್ನು ಕೊಳೆರೋಗ ಯಾಕೆ ಗೆಲ್ಲಲಿಲ್ಲ? ಒಂದು ಪ್ಲಸ್ ಟು ಕ್ಲಾಸಿನ ಪ್ರಕರಣ

"ಸರ್, ನೀವು ಹೇಳಿದ್ದನ್ನು ಅಜ್ಜನಿಗೆ ಹೇಳಿದೆ. ಅಜ್ಜ ಒಪ್ಪಲಿಲ್ಲ."

ಪ್ರಕರಣ ಶುರುವಾದದ್ದು ನನ್ನ ಕ್ಲಾಸಿನ ಹುಡುಗಿಯೊಬ್ಬಳ ಈ ಮಾತಿನಿಂದ. ಆಟಿ ತಿಂಗಳು. ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಶಾಲೆಯ ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಹಿಂದಿನ ಬೆಂಚಿನವರಿಗೆ ನನ್ನ ಸ್ವರ ಅರ್ಧವೇ ಕೇಳುತ್ತಿತ್ತು. ಪ್ಲಸ್ ಟು ಜೀವಶಾಸ್ತ್ರದಲ್ಲಿ ವಿಕಾಸದ ಪಾಠ. ಸಂತತಿಯಲ್ಲಿ ಜೀನುಗಳ ಪಾಲು ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ನಿಲ್ಲುವ ಸಮತೋಲವನ್ನು ಹೇಳುವ ಹಾರ್ಡಿ-ವೈನ್‌ಬರ್ಗ್ ಸಮೀಕರಣ ಮುಗಿದಿತ್ತು. ಆ ಸಮತೋಲ ತಪ್ಪಿಸುವ ಐದು ಕಾರಣಗಳ ಹೆಸರು ಹೇಳಿ ಪುಸ್ತಕ ಮುಂದಕ್ಕೆ ಹೋಗುತ್ತದೆ. ನಾನೂ ಸುಮ್ನೆ ಮುಂದೆ ಹೋಗಬಹುದಿತ್ತು. ಆದರೆ ಮ್ಯುಟೇಶನ್ (ಜೀನಿನ ಬದಲಾವಣೆ) ಮತ್ತು ಫಿಟ್‌ನೆಸ್ (ಮರಿ ಬಿಡುವ ಲೆಕ್ಕ) ಸೇರಿದರೆ ಏನಾಗುತ್ತದೆ ಅಂತ ಒಂದು ಲೆಕ್ಕ ತೋರಿಸುವ ಆಸೆ ಆಯಿತು.

ಬೋರ್ಡಿನಲ್ಲಿ 20 ರೋಗಾಣು ಬರೆದೆ. 19 ಹಳೆಯವು, ಒಂದು ಬದಲಾದದ್ದು. ಹಳೆಯದು 10 ಮರಿ ಬಿಟ್ಟರೆ ಬದಲಾದದ್ದು 11 ಬಿಡುತ್ತದೆ ಎಂದಿಟ್ಟುಕೊಂಡೆ. ಮುಂದಿನ ತಲೆಮಾರಿನಲ್ಲಿ ಹೊಸದರ ಪಾಲು ಎಷ್ಟು? ಈಗಿನ ಪಾಲನ್ನು ಅದರ ಫಿಟ್‌ನೆಸ್‌ನಿಂದ ಗುಣಿಸಿ, ಎಲ್ಲರ ಸರಾಸರಿ ಫಿಟ್‌ನೆಸ್‌ನಿಂದ ಭಾಗಿಸಿದರೆ ಸಿಗುತ್ತದೆ. ಹೊಸದಕ್ಕೂ ಹಳೆಯದಕ್ಕೂ ಇರುವ ಅನುಪಾತ ತಲೆಮಾರಿಗೊಮ್ಮೆ 1.1 ಪಟ್ಟು ಬೆಳೆಯುತ್ತದೆ. 19ಕ್ಕೆ 1 ಇದ್ದದ್ದು ತಿರುಗಿ 1ಕ್ಕೆ 19 ಆಗಬೇಕಾದರೆ 361 ಪಟ್ಟು ಬೆಳೆಯಬೇಕು. ಅದಕ್ಕೆ 62 ತಲೆಮಾರು ಸಾಕು. ಕೆಳಗಿನಿಂದ ನಿಧಾನವಾಗಿ ಎದ್ದು, ನಡುವೆ ಓಡಿ, ಮೇಲೆ ಹೋಗಿ ಚಪ್ಪಟೆಯಾಗುವ ಚಂದದ ಗೆರೆಯನ್ನೂ ಎಳೆದೆ. ಮಕ್ಕಳು ಬರೆದುಕೊಂಡರು. ನನಗೂ ಖುಷಿ.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಸಿಂಪಡಿಸುವುದಕ್ಕೆ ನಮ್ಮಲ್ಲಿ ಮದ್ದು ಬಿಡುವುದು ಅನ್ನುತ್ತಾರೆ. ಅಜ್ಜ ಕೇಳಿ ಕಳಿಸಿದ್ದು ಹೀಗೆ: "ಮೈಲುತುತ್ತು ಬಿಡಲಿಕ್ಕೆ ಶುರುವಾದದ್ದು ನನ್ನ ಅಜ್ಜನ ಕಾಲದಲ್ಲಿ. ನಿಮ್ಮ ಮಾಷ್ಟ್ರ ಲೆಕ್ಕದಲ್ಲಿ ಕೊಳೆರೋಗ ಯಾವಾಗಲೋ ಅದನ್ನು ಗೆಲ್ಲಬೇಕಿತ್ತಲ್ಲ. ಎಂತಕೆ ಗೆಲ್ಲಲಿಲ್ಲ, ಕೇಳು."

ನಾನು "ನಾಳೆ ಹೇಳ್ತೇನೆ" ಅಂದೆ. ಉತ್ತರ ಗೊತ್ತಿಲ್ಲದ ಮಾಷ್ಟ್ರುಗಳು ಹೇಳುವ ಮಾತು ಅದು.

ಪ್ರಶ್ನೆ ಸಣ್ಣದಲ್ಲ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ವಿವರವಾಗಿ ಬರೆದದ್ದು 1910ರಲ್ಲಿ. ಬೋರ್ಡೋ ದ್ರಾವಣ ಬಿಡಿ ಅಂತ ಆಗಲೇ ಹೇಳಿದ್ದರು. ನೂರು ವರ್ಷ ದಾಟಿತು. ಈಗಲೂ ನಮ್ಮ ತೋಟಗಳಲ್ಲಿ ಮಳೆಗಾಲದ ಮೊದಲು ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ ಬಿಡುವುದು ಅದೇ ಮದ್ದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ನನ್ನ ಗೆರೆ ಸರಿಯಿದ್ದರೆ ಈ ಮದ್ದು ಇಷ್ಟರಲ್ಲಿ ಕೆಲಸಕ್ಕೆ ಬಾರದ ಹಾಗೆ ಆಗಿರಬೇಕಿತ್ತು.

ಎರಡು ಶಬ್ದಗಳ ತೊಂದರೆ

ಲೆಕ್ಕಕ್ಕೆ ಹೋಗುವ ಮೊದಲು ಶಬ್ದದ ಗಲಾಟೆ ಬಗೆಹರಿಸಬೇಕಾಯಿತು. ಫಿಟ್‌ನೆಸ್ ಅಂದರೆ ಹುಡುಗರಿಗೆ ಜಿಮ್ಮು. "ಯೋಗ್ಯತೆ" ಎಂದು ಹೇಳಿ ನೋಡಿದೆ. ಅದು ಇನ್ನೂ ಕೆಟ್ಟದ್ದು. ಕನ್ನಡದಲ್ಲಿ ಯೋಗ್ಯತೆ ಎಂಬ ಶಬ್ದ ಬರುವುದೇ ಬೈಯುವಾಗ, "ನಿನ್ನ ಯೋಗ್ಯತೆಗೆ" ಅಂತ. ಯೋಗ್ಯ ಎಂದ ಕೂಡಲೇ ಒಳ್ಳೆಯದು, ಬಲವಾದದ್ದು, ಗೆಲ್ಲಲೇಬೇಕಾದದ್ದು ಎಂಬ ಅರ್ಥ ತಾನೇ ಬಂದು ಕೂರುತ್ತದೆ. ಗಣಿತದ ಫಿಟ್‌ನೆಸ್‌ಗೆ ಇದು ಯಾವುದೂ ಇಲ್ಲ. ಮುಂದಿನ ತಲೆಮಾರಿಗೆ ಸರಾಸರಿ ಎಷ್ಟು ಮರಿ ದಾಟಿಸುತ್ತದೆ, ಅಷ್ಟೇ. ಅದೂ ಈ ಜಾಗದಲ್ಲಿ, ಈ ಮಳೆಯಲ್ಲಿ, ಈ ಮದ್ದಿನ ಎದುರು. ಕೊನೆಗೆ ಫಿಟ್‌ನೆಸ್ ಅಂತಲೇ ಉಳಿಸಿಕೊಂಡೆವು, ಜಿಮ್ಮನ್ನು ಹೊರಗೆ ಹಾಕಿ.

ಮ್ಯುಟೇಶನ್ ಇನ್ನೂ ಸೂಕ್ಷ್ಮ. ಒಬ್ಬ ಮೆಲ್ಲಗೆ ಕೇಳಿದ, "ಸರ್, ಮ್ಯುಟೇಶನ್ ಅಂದ್ರೆ ಎಂಡೋಸಲ್ಫಾನ್ ಅಲ್ವಾ?" ನಮ್ಮ ಜಿಲ್ಲೆಯಲ್ಲಿ ಈ ಶಬ್ದ ಪುಸ್ತಕದಿಂದ ಬಂದದ್ದಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ವರ್ಷಗಳು, ಹಾಸಿಗೆ ಹಿಡಿದ ಮಕ್ಕಳು, 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧ, ಇವೆಲ್ಲ ಆ ಶಬ್ದದ ಹಿಂದೆ ನಿಂತಿವೆ. ಅದನ್ನು ದಾಟಿಕೊಂಡು ಹೋಗುವುದು ಸರಿಯೆನಿಸಲಿಲ್ಲ. ಆ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು. ಮ್ಯುಟೇಶನ್ ಎಂದರೆ ಜೀನಿನ ಅಕ್ಷರ ನಕಲು ಮಾಡುವಾಗ ಆಗುವ ಬದಲಾವಣೆ. ವಿಷ ಇಲ್ಲದೆಯೂ ಆಗುತ್ತದೆ. ಹುಟ್ಟುವ ಪ್ರತಿ ಮಗುವಿನಲ್ಲಿ ಅಪ್ಪ ಅಮ್ಮನಲ್ಲಿ ಇಲ್ಲದ ಸುಮಾರು 60–70 ಹೊಸ ಬದಲಾವಣೆ ಇರುತ್ತವೆ. ಹೆಚ್ಚಿನವು ಲಾಭವೂ ಅಲ್ಲ, ನಷ್ಟವೂ ಅಲ್ಲ. "ಹಾಗಾದ್ರೆ ಈ ಕ್ಲಾಸಿನಲ್ಲಿ ಎಲ್ರೂ ಮ್ಯುಟೆಂಟ್‌ಗಳೇ" ಅಂದ ಅವನೇ. ನಕ್ಕೆವು.

ಬಣ್ಣ ಹಚ್ಚಿದ ಮಂಜೊಟ್ಟಿ

ಅಜ್ಜನ ಪ್ರಶ್ನೆಗೆ ದಾರಿ ಸಿಕ್ಕಿದ್ದು ಚೆನ್ನೆಮಣೆಯಿಂದ, ಗುಳಿಗಳಲ್ಲಿ ಕಾಳು ಹಾಕಿ ಆಡುವ ಆ ಮಣೆಯಿಂದ. ಆಟಿಯಲ್ಲವೇ, ಅದೇ ಹುಡುಗಿಯ ಮನೆಯಲ್ಲಿ ಅಟ್ಟದಿಂದ ಮಣೆ ಇಳಿಸಿದ್ದರು. ತರಲು ಹೇಳಿದೆ. ಹದಿನಾಲ್ಕು ಗುಳಿ, 56 ಕೆಂಪು ಮಂಜೊಟ್ಟಿ ಕಾಳು. ಶಾಲೆಯ ದಾರಿಯಲ್ಲೇ ಮಂಜೊಟ್ಟಿ ಮರ ಇದೆ, ಉಳಿದ ಗುಂಪುಗಳಿಗೆ ಕಾಳು ಅಲ್ಲಿಂದ ಹೆಕ್ಕಿದರು. ಒಬ್ಬಳು ಗುರುತಿಗೆ ಅಂತ ಗುಲಗಂಜಿ ತಂದಿದ್ದಳು. ಬೇಡ ಅಂದೆ. ಅದು ವಿಷ, ಮತ್ತೆ ಗಾತ್ರ ಬೇರೆ, ಕೈಗೆ ಗೊತ್ತಾಗುತ್ತದೆ. ಮಂಜೊಟ್ಟಿಗೇ ಬಿಳಿ ನೈಲ್ ಪಾಲಿಶ್ ಹಚ್ಚಿದೆವು.

ಆಟ ಹೀಗೆ. ಬಟ್ಟೆ ಚೀಲದಲ್ಲಿ 19 ಕೆಂಪು, 1 ಬಿಳಿ. ನೋಡದೆ ಒಂದು ತೆಗೆ, ಬಣ್ಣ ಬರೆದುಕೋ, ವಾಪಸ್ ಹಾಕು, ಕುಲುಕು. ಹೀಗೆ 20 ಸಲ. ಎಷ್ಟು ಬಿಳಿ ಬಂತೋ ಅಷ್ಟು ಬಿಳಿ ಹೊಸ ಚೀಲಕ್ಕೆ, ಉಳಿದದ್ದು ಕೆಂಪು. ಇದು ಒಂದು ತಲೆಮಾರು. ಮಣೆಯ ಒಂದೊಂದು ಗುಳಿಯಲ್ಲಿ ಒಂದೊಂದು ತಲೆಮಾರಿನ ಬಿಳಿ ಕಾಳಿನ ಲೆಕ್ಕ.

ಬಿಳಿಗೆ ಹತ್ತು ಶೇಕಡಾ ಲಾಭ ಕೊಡುವುದು ಹೇಗೆ? ಇದಕ್ಕೆ ಒಂದು ಡಬ್ಬಿಯಲ್ಲಿ 11 ಚೀಟಿ ಇಟ್ಟೆವು. ಒಂದರಲ್ಲಿ ಮಾತ್ರ "ಮತ್ತೆ" ಎಂದು ಬರೆದಿತ್ತು. ಕೆಂಪು ಬಂದಾಗಲೆಲ್ಲ ಒಂದು ಚೀಟಿ ಎತ್ತಬೇಕು. "ಮತ್ತೆ" ಬಂದರೆ ಆ ಕೆಂಪು ಲೆಕ್ಕಕ್ಕಿಲ್ಲ, ಪುನಃ ಕಾಳು ತೆಗೆಯಬೇಕು. ಬಿಳಿಗೆ ಚೀಟಿಯ ಕಾಟ ಇಲ್ಲ. ಕೆಂಪಿಗೆ 10 ಸಿಕ್ಕರೆ ಬಿಳಿಗೆ 11 ಸಿಕ್ಕಿದ ಹಾಗಾಯಿತು. ಬೋರ್ಡಿನ ಮೇಲೆ ನಾನು ಬರೆದದ್ದೇ ಸಂಖ್ಯೆ.

ಐದು ಗುಂಪು. ಎರಡು ಗುಂಪಿನ ಬಿಳಿ ಕಾಳು ಮೊದಲ ತಲೆಮಾರಿಗೇ ಹೋಯಿತು. ಒಂದರದ್ದು ಮೂರನೆಯದಕ್ಕೆ. ಮಣೆ ಇಟ್ಟುಕೊಂಡ ಗುಂಪಿನವರದ್ದು ಏರಿತು: 1, 2, 1, 3, 5, 4. ಬೇರೆ ಗುಂಪಿನವರು ಎದ್ದು ಬಂದು ಸುತ್ತ ನಿಂತರು, ಕಬಡ್ಡಿ ನೋಡುವವರ ಹಾಗೆ. ಆಮೇಲೆ 2, 2, 1. ಹತ್ತನೇ ಗುಳಿ ಖಾಲಿ.

"ಇದು ಮೋಸ ಸರ್, ಬಿಳಿಗೆ ಲಾಭ ಉಂಟಲ್ಲ!"

ಮೋಸ ಏನೂ ಇಲ್ಲ. ಲಾಭವೇ ಇಲ್ಲದಿದ್ದರೆ ಒಂಟಿ ಕಾಳು ಮೊದಲ ತಲೆಮಾರಿಗೇ ಹೋಗುವ ಸಾಧ್ಯತೆ 20ರಲ್ಲಿ 19ನ್ನು 20 ಸಲ ಗುಣಿಸಿದಷ್ಟು, ಅಂದರೆ ಶೇ. 36. ಹತ್ತು ಶೇಕಡಾ ಲಾಭ ಇದ್ದರೆ? ಶೇ. 32. ಲಾಭ ಎಂಬುದು ಮೊದಲ ಹೆಜ್ಜೆಯಲ್ಲಿ ಹೆಚ್ಚುಕಮ್ಮಿ ಏನೂ ಮಾಡುವುದಿಲ್ಲ. ಒಂಟಿಯಾಗಿರುವಾಗ ನಡೆಯುವುದೆಲ್ಲ ಅದೃಷ್ಟದ ಆಟ. ಲಾಭದ ಮಾತು ಕೇಳಿಸಬೇಕಾದರೆ ನಾಲ್ಕಾರು ಜನ ಆಗಬೇಕು.

ಮರುದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇದೇ ಆಟವನ್ನು ಪೈಥಾನ್‌ನಲ್ಲಿ ಹತ್ತು ಸಾವಿರ ಸಲ ಆಡಿಸಿದೆವು. ಚೀಲ ಕುಲುಕಿ ಕೈ ನೋಯಿಸಿಕೊಂಡವರೇ ಪ್ರೋಗ್ರಾಂ ಬರೆದರು, ಹಾಗಾಗಿ ಒಳಗೆ ಏನು ನಡೆಯುತ್ತದೆ ಎಂದು ವಿವರಿಸಬೇಕಾಗಲಿಲ್ಲ. ಬಿಳಿ ಪೂರ್ತಿ ಗೆದ್ದದ್ದು ಶೇ. 18ರ ಆಸುಪಾಸು. ಲಾಭ ತೆಗೆದು ಆಡಿಸಿದರೆ ಶೇ. 5, ಅಂದರೆ 20ರಲ್ಲಿ ಒಂದು. ಲಾಭ ಇದ್ದೂ ಐದಕ್ಕೆ ನಾಲ್ಕು ಸಲ ಸೋಲು.

ಇದನ್ನು 1927ರಲ್ಲೇ ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್ ಲೆಕ್ಕ ಹಾಕಿದ್ದರು. ದೊಡ್ಡ ಸಂತತಿಯಲ್ಲಿ ಒಂಟಿ ಹೊಸಬ ಗೆಲ್ಲುವ ಸಾಧ್ಯತೆ ಅವನ ಲಾಭದ ಸುಮಾರು ಎರಡು ಪಟ್ಟು. ಲಾಭ ಶೇ. 1 ಆದರೆ ಗೆಲುವು ಶೇ. 2, ಸೋಲು ಶೇ. 98. ಸಣ್ಣ ಸಂತತಿಗೂ ಹೊಂದುವ ಸೂತ್ರವನ್ನು ಜಪಾನಿನ ಮೋಟೂ ಕಿಮುರಾ 1962ರಲ್ಲಿ ಕೊಟ್ಟರು. ನಾವು ಆಡಿದ ಚೀಲದ ಆಟಕ್ಕೆ ರೈಟ್-ಫಿಶರ್ ಮಾದರಿ ಎಂದು ಹೆಸರು. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರರೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಎಂದಾಗ ಮಕ್ಕಳಿಗೆ ಸೂತ್ರಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು.

ಬೀಗ ಮತ್ತು ಸೋರುವ ಕೊಡ

ಆದರೆ ಅಜ್ಜನಿಗೆ ಇದು ಉತ್ತರವಲ್ಲ. ತೋಟದಲ್ಲಿ ಇರುವುದು 20 ರೋಗಾಣು ಅಲ್ಲ. ಕೊಳೆತ ಅಡಿಕೆಯ ಮೇಲಿನ ಆ ಬಿಳಿ ಬೂಸಲಿನಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಬೀಜಕ. ಪ್ರತಿಯೊಂದರಿಂದ ಮಳೆನೀರಿನಲ್ಲಿ ಈಜುವ ಮರಿಗಳು ಬೇರೆ. (ಫೈಟಾಫ್ತೊರಾ ಎಂಬ ಈ ಜೀವಿ ಅಣಬೆಯ ಕುಲದ್ದೇ ಅಲ್ಲ, ನೀರಿನದ್ದು. ಆಟಿಯ ಮಳೆ ಅದಕ್ಕೆ ಹಬ್ಬ.) ಅಷ್ಟು ಜನ ಇದ್ದಲ್ಲಿ ಅದೃಷ್ಟ ನಮ್ಮನ್ನು ಕಾಯುವುದಿಲ್ಲ. ಒಂದು ಕಾಳು ಸೋತರೆ ಸಾವಿರ ಕಾಳು ಸಾಲಿನಲ್ಲಿವೆ.

ಹಾಗಾದರೆ ಕಾಯುತ್ತಿರುವುದು ಯಾವುದು? ಬೀಗಗಳ ಸಂಖ್ಯೆ.

ಮೆಟಲಾಕ್ಸಿಲ್ ಎಂಬ ಮದ್ದು 1970ರ ದಶಕದ ಕೊನೆಗೆ ಬಂತು. ಕೊಳೆರೋಗದ ದಾಯಾದಿಯಾದ ಆಲೂಗಡ್ಡೆಯ ಅಂಗಮಾರಿಗೆ ಅದು ರಾಮಬಾಣ ಎನಿಸಿಕೊಂಡಿತು. 1980ರಲ್ಲೇ ಐರ್ಲೆಂಡಿನ ಹೊಲಗಳಲ್ಲಿ ಅದು ಹಿಡಿಯದೆ ಹೋಯಿತು. ಆ ಮದ್ದು ಹೊಡೆಯುವುದು ಆರ್‌ಎನ್‌ಎ ತಯಾರಿಸುವ ಒಂದು ಕಿಣ್ವಕ್ಕೆ, ಒಂದೇ ಜಾಗಕ್ಕೆ. ಮೈಲುತುತ್ತಿನ ತಾಮ್ರ ಹಾಗಲ್ಲ. ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುತ್ತದೆ. ಮದ್ದು ಹೊಡೆಯುವ ಒಂದೊಂದು ಜಾಗ ಒಂದೊಂದು ಬೀಗ, ಆ ಹೊಡೆತ ತಪ್ಪಿಸುವ ಮ್ಯುಟೇಶನ್ ಅದರ ಕೀಲಿ ಎಂದಿಟ್ಟುಕೊಳ್ಳಿ. ಒಂದು ಮದ್ದಿಗೆ ಒಂದು ಬೀಗ, ಇನ್ನೊಂದಕ್ಕೆ ಹಲವು.

ಲೆಕ್ಕಕ್ಕೆ ಅಂತ ಸಂಖ್ಯೆಗಳನ್ನು ಇಟ್ಟುಕೊಂಡೆವು, ಅಳೆದದ್ದಲ್ಲ. ಒಂದು ಬೀಗದ ಕೀಲಿ ಕೋಟಿ ಬೀಜಕದಲ್ಲಿ ಒಂದಕ್ಕೆ ಹೊಸದಾಗಿ ಹುಟ್ಟುತ್ತದೆ. ತೋಟದಲ್ಲಿ 100 ಕೋಟಿ ಬೀಜಕ. ಒಂದೇ ಬೀಗವಾದರೆ ನೂರು ಕೀಲಿ ಸಿಕ್ಕಿತು. ಮೂರು ಬೀಗ ಒಟ್ಟಿಗೆ ತೆರೆಯಬೇಕಾದರೆ ಕೋಟಿಯನ್ನು ಕೋಟಿಯಿಂದ, ಪುನಃ ಕೋಟಿಯಿಂದ ಗುಣಿಸಬೇಕು. ಒಂದು ಲಕ್ಷ ಕೋಟಿ ತೋಟ ಹುಡುಕಿದರೆ ಅಂಥದ್ದು ಒಂದು.

ಅಜ್ಜನ ಮೊಮ್ಮಗಳು ಬಿಡಲಿಲ್ಲ. "ಒಟ್ಟಿಗೆ ಯಾಕೆ ಬರಬೇಕು ಸರ್? ಮೊದಲು ಒಂದು ಕೀಲಿ, ಹತ್ತು ವರ್ಷ ಬಿಟ್ಟು ಇನ್ನೊಂದು, ಹಾಗೆ ಒಟ್ಟು ಮಾಡಬಾರದಾ?"

ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಉತ್ತರಕ್ಕೆ ಸೋರುವ ಕೊಡ ಬೇಕಾಯಿತು. ಬದಲಾದ ಕಿಣ್ವ ಸಾಮಾನ್ಯವಾಗಿ ಮೂಲದಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಆ ನಷ್ಟ ಶೇ. 10 ಎಂದಿಟ್ಟುಕೊಳ್ಳಿ. ಉಳಿದ ಎರಡು ಬೀಗ ಹಾಕಿಯೇ ಇರುವಾಗ ಒಂಟಿ ಕೀಲಿಯಿಂದ ಉಪಯೋಗ ಇಲ್ಲ, ಹೊರುವ ಭಾರ ಮಾತ್ರ. ಮ್ಯುಟೇಶನ್ ಮೇಲಿನಿಂದ ಹನಿ ಹಾಕುತ್ತದೆ, ಆಯ್ಕೆ ಕೆಳಗಿನ ತೂತಿನಿಂದ ಸೋರಿಸುತ್ತದೆ. ಹಾಕಿದಷ್ಟೇ ಸೋರುವ ಮಟ್ಟಕ್ಕೆ ನೀರು ನಿಲ್ಲುತ್ತದೆ. ಆ ಮಟ್ಟ ಎಂದರೆ ಮ್ಯುಟೇಶನ್ ಪ್ರಮಾಣವನ್ನು ನಷ್ಟದಿಂದ ಭಾಗಿಸಿದಷ್ಟು. ಕೋಟಿಗೆ 1ನ್ನು 0.1ರಿಂದ ಭಾಗಿಸಿದರೆ ಕೋಟಿಗೆ 10. ನೂರು ವರ್ಷ ಕಳೆದರೂ ಅಷ್ಟೇ. ಕೀಲಿಗಳು ಗಂಟು ಕಟ್ಟಿಕೊಳ್ಳುವುದಿಲ್ಲ.

ಆದರೆ ಒಂದೇ ಬೀಗದ ಮದ್ದು ಬಿಟ್ಟ ದಿನ ಆ ಕೋಟಿಗೆ 10 ಎಂಬುದು, ಅಂದರೆ ಹತ್ತು ಲಕ್ಷಕ್ಕೆ ಒಂದು, ಭಯ ಹುಟ್ಟಿಸುವ ಸಂಖ್ಯೆ. ಹಳೆಯವುಗಳಲ್ಲಿ ಹತ್ತರಲ್ಲಿ ಒಂದು ಮಾತ್ರ ಬದುಕಿ, ಕೀಲಿ ಇದ್ದದ್ದು ಎಲ್ಲ ಬದುಕಿದರೆ, ಅನುಪಾತ ತಲೆಮಾರಿಗೆ ಹತ್ತು ಪಟ್ಟು. ಒಂದೊಂದು ತಲೆಮಾರಿಗೆ ಒಂದೊಂದು ಸೊನ್ನೆ ಹಾರುತ್ತದೆ. ಆರು ಸೊನ್ನೆ, ಆರು ತಲೆಮಾರು, ಸಮಸಮ. ಮಳೆಗಾಲದಲ್ಲಿ ಈ ಜೀವಿಗೆ ಒಂದು ತಲೆಮಾರು ಎಂದರೆ ಕೆಲವೇ ದಿನ.

ನನ್ನ ಮೊದಲ ದಿನದ ಗೆರೆ ತಪ್ಪಲ್ಲ ಎಂದು ಗೊತ್ತಾದದ್ದು ಆಗ. ಎಲ್ಲಿ ಎಳೆಯಬಾರದಿತ್ತೋ ಅಲ್ಲಿ ಎಳೆದಿದ್ದೆ. ಸಾವಿರ ಕೀಲಿ ಇರುವಲ್ಲಿ ಆ ಗೆರೆ ನಡೆಯುತ್ತದೆ. ಒಂಟಿ ಕಾಳಿಗೆ ಚೀಲದ ಆಟ. ಮದ್ದು ಬೀಳುವ ಮೊದಲಿನ ಕಾಲಕ್ಕೆ ಸೋರುವ ಕೊಡ. ನಾನು 20 ರೋಗಾಣು ಬರೆದು ಅದಕ್ಕೆ ಕೋಟಿಯ ಗೆರೆ ಎಳೆದಿದ್ದೆ.

ಅಜ್ಜನ ಅಂಗಳ

ಶನಿವಾರ ಮಳೆ ಬಿಟ್ಟಿತ್ತು. ಅಜ್ಜನ ಮನೆಗೆ ಹೋದೆ. ಅಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ಮು, ನೀಲಿ ನೀರು. ಸುಣ್ಣದ ತಿಳಿಗೆ ಮೈಲುತುತ್ತಿನ ನೀರನ್ನು ಮೆಲ್ಲ ಹೊಯ್ಯುತ್ತಾ ಕೋಲಿನಿಂದ ಕಲಸುತ್ತಿದ್ದರು. ಆಮೇಲೆ ಕಬ್ಬಿಣದ ಪಿಸ್ಕತ್ತಿಯ ಅಲಗನ್ನು ಅದ್ದಿ ಹಿಡಿದು, ಬೆಳಕಿಗೆ ಎತ್ತಿ ನೋಡಿದರು. ಅಲಗಿನ ಮೇಲೆ ಕೆಂಪು ಪೊರೆ ಕೂತಿತ್ತು. "ಸುಣ್ಣ ಸಾಲದು" ಎಂದು ಇನ್ನೊಂದು ಬೊಗಸೆ ತಿಳಿ ಹಾಕಿದರು. ಸುಣ್ಣ ಕಮ್ಮಿಯಾದರೆ ಬಿಡಿ ತಾಮ್ರ ಉಳಿದು ಎಳೆ ಅಡಿಕೆಯನ್ನೇ ಸುಡುತ್ತದೆ. ಕತ್ತಿಯ ಮೇಲೆ ಕೂತದ್ದು ಆ ತಾಮ್ರವೇ.

ಬೀಗ, ಕೀಲಿ, ಕೊಡ ಎಲ್ಲ ಹೇಳಿದೆ. ಅಜ್ಜ ಕಲಸುವುದನ್ನು ನಿಲ್ಲಿಸಲಿಲ್ಲ.

"ನಾವೆಲ್ಲ ಹೇಳುವುದು ರೋಗಕ್ಕೆ ಮದ್ದು ಅಭ್ಯಾಸ ಆಗಿದೆ ಅಂತ, ಮಾಷ್ಟ್ರೇ. ಕಳ್ಳು ಕುಡಿದು ಕುಡಿದು ಅಭ್ಯಾಸ ಆದ ಹಾಗೆ."

"ಅಭ್ಯಾಸ ಅಲ್ಲ ಅಜ್ಜ. ಮದ್ದು ಬೀಳುವ ಮೊದಲೇ ಕೀಲಿ ಇದ್ದದ್ದು ಇರುತ್ತದೆ. ಮದ್ದು ಬಿದ್ದಾಗ ಉಳಿದವು ಸಾಯುತ್ತವೆ, ಅದು ಉಳಿಯುತ್ತದೆ."

"ಮೊದಲೇ ಇತ್ತು ಅಂತ ಎಂತ ಗ್ಯಾರಂಟಿ?"

ಅದಕ್ಕೆ 1943ರ ಲೂರಿಯಾ-ಡೆಲ್‌ಬ್ರೂಕ್ ಪ್ರಯೋಗ ಹೇಳಬೇಕಾಯಿತು. ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ಬೇರೆಬೇರೆ ಕೊಳವೆಗಳಲ್ಲಿ ಬೆಳೆಸಿ, ಎಲ್ಲದಕ್ಕೂ ಅದನ್ನು ಕೊಲ್ಲುವ ವೈರಸ್ ಕೊಟ್ಟರು. ವೈರಸ್ ಕಂಡ ಮೇಲೆ ಕಲಿಯುವುದಾದರೆ ಎಲ್ಲ ಕೊಳವೆಯಲ್ಲೂ ಹೆಚ್ಚುಕಮ್ಮಿ ಅಷ್ಟಷ್ಟೇ ಉಳಿಯಬೇಕು. ಹಾಗಾಗಲಿಲ್ಲ. ಹಲವದರಲ್ಲಿ ಸೊನ್ನೆ, ಕೆಲವದರಲ್ಲಿ ನಾಲ್ಕೈದು, ಎಲ್ಲೋ ಒಂದರಲ್ಲಿ ರಾಶಿ. ಆ ಒಂದರಲ್ಲಿ ಬದಲಾವಣೆ ಬಹಳ ಮೊದಲೇ ಆಗಿ, ಅದರ ಮಕ್ಕಳು ಮೊಮ್ಮಕ್ಕಳು ತುಂಬಿದ್ದರು. "ಓಣಂ ಬಂಪರ್ ಹಾಗೆ" ಅಂದರು ಅಜ್ಜ. ಕೇರಳದಲ್ಲಿ ಲಾಟರಿಯನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅಂದ್ರೆ ನಮ್ಮ ತೋಟದಲ್ಲಿ ಈಗಲೇ ಉಂಟಾ ಅಂಥದ್ದು?"

"ಒಂದು ಬೀಗದ ಮದ್ದಿಗಾದರೆ, ಇರಬಹುದು."

"ಯಾವ ಮರದಲ್ಲಿ?"

ನನಗೆ ನಗು ಬಂತು. ಅವರು ತಮಾಷೆಗೆ ಕೇಳಿದ್ದಲ್ಲ. ಒಳಗೆ ಹೋಗಿ, ನೆರೆಮನೆಯವರು ಕೊಟ್ಟ ಹೊಸ ಮದ್ದಿನ ಪೊಟ್ಟಣ ತಂದರು. ಮೊಮ್ಮಗಳು ಓದಿದಳು: ಮೆಟಲಾಕ್ಸಿಲ್ ಶೇ. 8, ಮ್ಯಾಂಕೋಜೆಬ್ ಶೇ. 64. ಎರಡನೆಯದನ್ನು ಯಾಕೆ ಸೇರಿಸಿದ್ದಾರೆ ಎಂದು ಅವಳೇ ಲೆಕ್ಕ ಹಾಕಿದಳು. ಮ್ಯಾಂಕೋಜೆಬ್ ಕೂಡ ತಾಮ್ರದ ಹಾಗೆ ಹಲವು ಕಡೆ ಹೊಡೆಯುವಂಥದ್ದು. ಒಂದು ಬೀಗದ ಜೊತೆ ಹಲವು ಬೀಗ ಕಟ್ಟಿ ಮಾರುತ್ತಾರೆ.

ಒಂದು ವಿಷಯದಲ್ಲಿ ಅಜ್ಜ ನನ್ನನ್ನು ತಿದ್ದಿದರು. ಮದ್ದು ಬಿಟ್ಟೂ ಕೊಳೆ ಬಂದ ವರ್ಷಗಳು ಬೇಕಾದಷ್ಟಿವೆ. ಅದೆಲ್ಲ ಮ್ಯುಟೇಶನ್ ಅಲ್ಲ. ಅಡಿಕೆ ಗೊನೆ ಒದ್ದೆ ಇರುವಾಗ ಬಿಟ್ಟದ್ದು, ತಡವಾಗಿ ಬಿಟ್ಟದ್ದು, ಬಿಟ್ಟ ಸಂಜೆಯೇ ಮಳೆ ತೊಳೆದದ್ದು. "ಮದ್ದು ಬಿಡುವವನ ತಪ್ಪನ್ನು ರೋಗದ ತಲೆಗೆ ಕಟ್ಟಬಾರದು" ಅಂದರು.

ನನ್ನ ಮಾದರಿಯಲ್ಲಿ ಇಲ್ಲದ್ದು ಇನ್ನೂ ಇದೆ. ಒಂದು ಕೋಶ ಒಂದೇ ಪ್ರತಿ ಜೀನು ಎಂದು ಲೆಕ್ಕ ಹಿಡಿದಿದ್ದೆ, ಫೈಟಾಫ್ತೊರಾದಲ್ಲಿ ನಮ್ಮ ಹಾಗೆ ಎರಡು ಪ್ರತಿ. ಮತ್ತೆ ಟೊಮೆಟೊ, ಮೆಣಸಿನ ಎಲೆಚುಕ್ಕೆ ತರುವ ಬ್ಯಾಕ್ಟೀರಿಯಾಗಳು ತಾಮ್ರವನ್ನೂ ಗೆದ್ದಿವೆ. ಅವು ಕೀಲಿ ಒಂದೊಂದಾಗಿ ಕೆತ್ತಲಿಲ್ಲ. ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಯಲ್ಲಿ ಇಡೀ ಗೊಂಚಲನ್ನೇ ನೆರೆಯವರಿಂದ ಪಡೆದವು. ನನ್ನ ಗುಣಾಕಾರ ಅಲ್ಲಿ ನಿಲ್ಲುವುದಿಲ್ಲ.

ಪರೀಕ್ಷೆಯಲ್ಲಿ ಆದದ್ದು

ತಿಂಗಳ ಕೊನೆಗೆ ಒಂದು ಸಣ್ಣ ಟೆಸ್ಟ್ ಕೊಟ್ಟೆ. ಲೆಕ್ಕಗಳನ್ನು ಹೆಚ್ಚಿನವರು ಸರಿ ಮಾಡಿದರು. ಕೊಡದ ಚಿತ್ರ ಚೆನ್ನಾಗಿ ಬಿಡಿಸಿದ್ದರು. ಆದರೆ "ಮದ್ದಿಗೆ ಜಗ್ಗದ ರೋಗಾಣು ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಅರ್ಧದಷ್ಟು ಮಕ್ಕಳು "ರೋಗಾಣು ಮದ್ದಿನ ಎದುರು ಶಕ್ತಿ ಬೆಳೆಸಿಕೊಂಡಿತು" ಎಂದೇ ಬರೆದಿದ್ದರು. ಚೀಲ ಕುಲುಕಿದವರೂ!

ಮೊದಲು ಬೇಸರವಾಯಿತು. ಆಮೇಲೆ ನನ್ನದೇ ನೋಟ್ಸ್ ತೆಗೆದು ನೋಡಿದೆ. ಎರಡು ಕಡೆ ನಾನೇ "ಬೆಳೆಸಿಕೊಂಡಿತು" ಎಂದು ಬರೆಸಿದ್ದೆ. ಕನ್ನಡದ ಈ "-ಕೊಂಡಿತು" ಬಲು ಚಾಲಾಕಿ. ಕಲಿತುಕೊಂಡಿತು, ಹೊಂದಿಕೊಂಡಿತು, ಬೆಳೆಸಿಕೊಂಡಿತು. ಹಾಗಂದ ಕೂಡಲೇ ರೋಗಾಣುವಿಗೆ ಒಂದು ಮನಸ್ಸು ಬಂತು, ಅದು ತನಗೋಸ್ಕರ ಏನೋ ಮಾಡಿತು. ಆಟದ ಬಿಳಿ ಕಾಳು ಏನನ್ನೂ ಮಾಡಿಕೊಳ್ಳಲಿಲ್ಲವಲ್ಲ. ಚೀಟಿ ಅದಕ್ಕೆ ತಾಗಲಿಲ್ಲ, ಅಷ್ಟೇ. ನೋಟ್ಸಿನಲ್ಲಿ ಆ ವಾಕ್ಯ ಹೊಡೆದು "ಜಗ್ಗದವು ಮೊದಲೇ ಇದ್ದವು, ಉಳಿದವು ಸತ್ತಾಗ ಅವುಗಳ ಪಾಲು ಹೆಚ್ಚಾಯಿತು" ಎಂದು ಬರೆಸಿದೆ. ಉದ್ದವಾಯಿತು, ಹಾಗೇ ಇರಲಿ. ಮುಂದಿನ ವರ್ಷ ಈ ಪಾಠವನ್ನು ಸೂತ್ರದಿಂದ ಶುರು ಮಾಡುವುದಿಲ್ಲ, ಚೀಲದಿಂದಲೇ.

ಚೆನ್ನೆಮಣೆಯನ್ನು ಆಟಿ ಮುಗಿಯುವ ಮೊದಲೇ ವಾಪಸ್ ಕಳಿಸಿದೆ. ಮರುದಿನ ಹುಡುಗಿ ಬಂದು ನಿಂತಳು.

"ಅಜ್ಜಿ ಎಣಿಸಿದ್ರು ಸರ್. 56 ಸರಿ ಉಂಟು. ಆದ್ರೆ ಹತ್ತು ಕಾಳಿಗೆ ಬಿಳಿ ಬಣ್ಣ ಹಾಗೇ ಉಂಟು. ಹಚ್ಚಿದವರೇ ತೆಗೆದು ಕೊಡಬೇಕಂತೆ."